ಫಲ ಬಿಡೋದು ಹೇಗೆ ಅಂತ ಕೇಳಿದ ತಮ್ಮನಿಗೆ

ಈ ವಾರ ಒಂದು ಪತ್ರ ಓದುತ್ತಾ ಕೂತು ನನ್ನ ಚಹಾ ಆರಿಹೋಯಿತು. ಬಂದದ್ದು ನಮ್ಮ ಕಲಬುರಗಿಯಿಂದಲೇ.

ಬರೆದವನಿಗೆ 33 ವರ್ಷ. ಖಾಸಗಿ ಕೆಲಸ ಬಿಟ್ಟು ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಪರೀಕ್ಷೆಗೆ ಓದಲು ಕೂತ. ಒಂದು ಸಲ ಬರೆದ, ಆಗಲಿಲ್ಲ. ಆಗ ಗೆಳೆಯನೊಬ್ಬ ತನ್ನ ಮ್ಯಾನಿಫೆಸ್ಟೇಶನ್ ಕೋರ್ಸಿಗೆ, ಅಂದರೆ ಬೇಕಾದದ್ದು ಆಗಲೇ ಸಿಕ್ಕಿದೆ ಅಂದುಕೊಂಡರೆ ಸಿಗುತ್ತದೆ ಅನ್ನುವ ಪಾಠಕ್ಕೆ, ಸೇರಿಸಿಕೊಂಡ. ಫೀಸು 3,999 ರೂಪಾಯಿ. 'ನಾನು ಪಿಡಿಒ ಆಗಿದ್ದೇನೆ' ಅಂತ ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆದು, ಫಲದ ಚಿಂತೆ ಬಿಟ್ಟು ಸುಮ್ಮನಿರಬೇಕು. ಜಾಸ್ತಿ ಓದಿದರೆ ಯೂನಿವರ್ಸ್ ಮೇಲೆ ನಂಬಿಕೆ ಇಲ್ಲ ಅಂತ ಅರ್ಥವಂತೆ. ಎಂಟು ತಿಂಗಳಿಂದ ಬರೆಯುತ್ತಿದ್ದಾನೆ. ಚಿಂತೆ ಮಾತ್ರ ಬಿಟ್ಟಿಲ್ಲ. ರಾತ್ರಿ ಎರಡಕ್ಕೆ ಎದ್ದು, ಅರ್ಜಿ ಕರೆದರಾ ಅಂತ ಮೊಬೈಲ್ ನೋಡುತ್ತಾನೆ. 'ಅಕ್ಕಾ, ಗೀತೆಯಲ್ಲಿ ಹೇಳಿದ ಹಾಗೆ ಫಲ ಬಿಡೋದು ಹೇಗೆ?' ಇದು ಪ್ರಶ್ನೆ.

ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರದ ಮೂರನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ, ಒಂದು ಸಾಲಿದೆ. (ಮನೆ ಖರ್ಚಿಗೆ ತೊಂದರೆ ಇಲ್ಲ, ಹೆಂಡತಿ ದಿನಾ 150 ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ.)

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ನಾನು ಪತ್ರದಲ್ಲಿ ಮೊದಲು ಹುಡುಕುವುದು, ಆ ಮನೆಯಲ್ಲಿ ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ ಅನ್ನೋದನ್ನು. 150 ಜೋಳದ ರೊಟ್ಟಿ ಅಂದರೆ ಏನು ಗೊತ್ತಾ ತಮ್ಮಾ? ಕುದಿಯುವ ನೀರು ಹಾಕಿ ಹಿಟ್ಟು ನಾದಬೇಕು. ಬಿಸಿ ಇರುವಾಗಲೇ ನಾದಬೇಕು, ಇಲ್ಲದಿದ್ದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಒಂದೊಂದನ್ನೂ ಅಂಗೈಯಲ್ಲಿ ತಟ್ಟಿ ತಟ್ಟಿ ತಿರುಗಿಸಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ನಮ್ಮ ಊರಿನ ಮೇ ತಿಂಗಳಲ್ಲಿ, ಒಲೆಯ ಮುಂದೆ. ಇದು ಬ್ರಾಕೆಟ್ಟಿನಲ್ಲಿ ಹಾಕುವ ವಿಷಯವಾ?

ನಿನ್ನ ಮೇಲಿರುವುದಕ್ಕಿಂತ ಜಾಸ್ತಿ ಸಿಟ್ಟು ನನಗೆ ನಿನ್ನ ಗೆಳೆಯನ ಮೇಲೆ. ಫಲ ಬಿಡು ಅಂತ ನಿನಗೆ ಹೇಳುವವನು ತನ್ನ ಫಲವನ್ನು ಮೊದಲೇ ಎಣಿಸಿ ಜೇಬಿಗೆ ಹಾಕಿಕೊಂಡಿದ್ದಾನೆ. ಅದೂ ರೊಟ್ಟಿಯ ದುಡ್ಡು. ಇದೆಲ್ಲ ಉಪನಿಷತ್ತಿನಲ್ಲೇ ಇದೆ ಅಂದನಂತೆ. ಇದೆ, ಸರಿಯಾಗಿ ಓದಲಿ. ಬಯಕೆಯಂತೆ ಸಂಕಲ್ಪ, ಸಂಕಲ್ಪದಂತೆ ಕೆಲಸ, ಕೆಲಸದಂತೆ ಫಲ ಅನ್ನುತ್ತದೆ ಬೃಹದಾರಣ್ಯಕ. ನಡುವಿನ ಕೆಲಸವನ್ನು ಅವನು ಮೆಲ್ಲಗೆ ಕಿತ್ತು ಹಾಕಿದ್ದಾನೆ.

ಗೀತೆಯಲ್ಲೂ ಇದೇ ಕಥೆ. ಎರಡನೇ ಅಧ್ಯಾಯದ 47ನೇ ಶ್ಲೋಕ. 'ಕರ್ಮಣ್ಯೇವಾಧಿಕಾರಸ್ತೇ' ಎಲ್ಲರಿಗೂ ಬಾಯಿಪಾಠ. ಆದರೆ ಶ್ಲೋಕಕ್ಕೆ ನಾಲ್ಕು ಪಾದ, ಕೊನೆಯದನ್ನು ಯಾರೂ ಹೇಳುವುದಿಲ್ಲ. 'ಮಾ ತೇ ಸಂಗೋಽಸ್ತ್ವಕರ್ಮಣಿ.' ಕೆಲಸ ಮಾಡದೆ ಕೂರುವುದಕ್ಕೆ ಅಂಟಿಕೊಳ್ಳಬೇಡ ಅಂತ. ಹೇಳಿದ್ದು ಬಿಲ್ಲು ಕೆಳಗಿಟ್ಟು ರಥದಲ್ಲಿ ಕೂತವನಿಗೆ. ಬಾಣವನ್ನೇ ಬಿಡದವನು ಫಲ ಎಲ್ಲಿಂದ ಬಿಡುತ್ತಾನೆ? ನಿನಗೆ ನಿದ್ದೆ ಬಾರದೆ ಇರುವುದು ಫಲದ ಆಸೆಗಲ್ಲ. ಓದಿಲ್ಲ ಅನ್ನೋದು ನಿನಗೇ ಗೊತ್ತಿದೆ, ಅದಕ್ಕೆ.

ಅಷ್ಟು ದೂರ ಹೋಗುವುದೇ ಬೇಡ. ಪಕ್ಕದ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ ಒಂದು ಜೋಡಿ ಇತ್ತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಜಾಸ್ತಿ ತಂದ. 'ಈಸಕ್ಕಿಯಾಸೆ ನಿಮಗೇಕೆ?' ಅಂತ ಕೇಳಿದಳು ಲಕ್ಕಮ್ಮ. ಇಷ್ಟೊಂದು ಅಕ್ಕಿಯ ಆಸೆ ಯಾಕೆ ಅಂತ. ಇನ್ನೊಂದು ಸಲ ಅವನು ದೊಡ್ಡ ದೊಡ್ಡ ಮಾತಿನಲ್ಲಿ ಮೈಮರೆತು ಕೂತ. ಆಗ ಅವಳೇ ಎಬ್ಬಿಸಿದಳು: 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ.' ಕೆಲಸ ನಿಂತುಹೋಗಿದೆ, ಏಳು ಹೋಗು ನನ್ನ ಒಡೆಯನೇ ಅಂತ. ನಿನ್ನ ಮನೆಯ ಲಕ್ಕಮ್ಮ ಬಾಯಿ ಬಿಟ್ಟಿಲ್ಲ. ಪಾಪ, ನಿನಗೆ ಡಿಸ್ಟರ್ಬ್ ಆಗುತ್ತೆ ಅಂತ ಸುಮ್ಮನಿರಬಹುದು.

ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಇದೆಯಲ್ಲ ಅಂತಲೂ ಬರೆದಿದ್ದೀಯ. ಅದನ್ನು ಯಾರೂ ನೋಟ್‌ಬುಕ್ಕಿನಲ್ಲಿ ಬರೆದು ತರಿಸಿಕೊಳ್ಳಲಿಲ್ಲಪ್ಪ. ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿ, ಕಡೆಗೆ 2012ರ ತಿದ್ದುಪಡಿಯಲ್ಲಿ ಸಿಕ್ಕಿದ್ದು. ನೀನು ದಿನಕ್ಕೆ 18 ಸಾಲಿನಂತೆ ಇಲ್ಲಿಯವರೆಗೆ ಬರೆದದ್ದು ನಾಲ್ಕು ಸಾವಿರ ಸಾಲಿನ ಮೇಲಾಯಿತು. ಅಷ್ಟರಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ ನೋಟ್ಸ್ ಮುಗಿಯುತ್ತಿತ್ತು.

ಫಲ ಬಿಡೋದನ್ನು ನಿನ್ನ ಹೆಂಡತಿಯ ಹತ್ತಿರ ಕಲಿ. ರೊಟ್ಟಿ ಬುಟ್ಟಿಗೆ ಹಾಕಿ ಕಳಿಸಿದ ಮೇಲೆ ಯಾರು ತಿಂದರು, ಯಾರು ಅರ್ಧ ಬಿಟ್ಟರು ಅಂತ ಅವಳು ರಾತ್ರಿ ಎರಡಕ್ಕೆ ಎದ್ದು ನೋಡುವುದಿಲ್ಲ. ದುಡ್ಡು ಮಾತ್ರ ಎಣಿಸಿ ತಗೊಳ್ಳುತ್ತಾಳೆ. ತಗೊಳ್ಳಲಿ, ಅದು ದುಡಿದದ್ದು.

ಹತ್ತು ಉಪಾಯ ಹೇಳುವುದಿಲ್ಲ, ಒಂದೇ. ನಾಳೆಯಿಂದ ಹಿಟ್ಟು ನಾದುವುದು ನಿನ್ನ ಕೆಲಸ. ಮೊದಲ ವಾರ ರೊಟ್ಟಿ ಸೀಳುತ್ತವೆ, ಅವಳು ಬೈಯುತ್ತಾಳೆ, ಬೈಸಿಕೋ. ಬುಟ್ಟಿಯನ್ನು ಖಾನಾವಳಿಗೆ ನೀನೇ ಮುಟ್ಟಿಸಿ, ಬಂದು ಪುಸ್ತಕ ಹಿಡಿ. ನಾಲ್ಕಕ್ಕೆ ಅಲಾರಂ ಇಟ್ಟುಕೋ. ಅವಳ ಫೋನಿನಲ್ಲಿ ಅಲ್ಲ, ನಿನ್ನದರಲ್ಲಿ.