ಅಗ್ಗದ ಹೊಸದೋ, ಗಟ್ಟಿಯ ಹಳೆಯದೋ?

ಶಿವಮೊಗ್ಗದಲ್ಲಿ ಬಿಕಾಂ ಸೇರುವ ತಂಗಿಗೆ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲ್ ಉಳಿಸುವ ಅಗ್ಗದ ಸ್ಟೋರೇಜ್), ಸೆಲೆರಾನ್ ಎನ್4020 ಪ್ರೊಸೆಸರ್ ಇರುವ ಅಗ್ಗದ ಹೊಸ ಲ್ಯಾಪ್‌ಟಾಪ್ ಸಾಕಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ದಯವಿಟ್ಟು ಅದನ್ನು ತಗೋಬೇಡಿ.

ಪ್ರೊಸೆಸರ್ ನಿಧಾನ ಅನ್ನುವುದು ಇರಲಿ, ದೊಡ್ಡ ತೊಂದರೆ ಆ 64 ಜಿಬಿ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ ಅಷ್ಟು. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅರ್ಧಕ್ಕೇ ನಿಲ್ಲಬಹುದು. ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ. ಆಮೇಲೆ ಹೆಚ್ಚಿಸೋಕೆ ಆಗಲ್ಲ. ಟ್ಯಾಲಿ, ಎಕ್ಸೆಲ್ ಜೊತೆ ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಕರ್ಸರ್ ತೆವಳುತ್ತದೆ.

ಒಂದು ಮಾತು ಅದರ ಪರವಾಗಿ ಹೇಳಲೇಬೇಕು. ಚಿಪ್ ಕರೆಂಟ್ ಕಡಿಮೆ ತಿನ್ನುತ್ತದೆ, ಬ್ಯಾಟರಿಯೂ ಹೊಸದು. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋಗುವ ನಮ್ಮ ಕಡೆ ಅದು ಸಣ್ಣ ಅನುಕೂಲ ಅಲ್ಲ.

ಆದರೂ ನಾನಾದರೆ ಸ್ವಲ್ಪ ದುಡ್ಡು ಸೇರಿಸಿ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮತ್ತೆ ಮಾರುವ) ಲೆನೊವೊ ಥಿಂಕ್‌ಪ್ಯಾಡ್ ಅಥವಾ ಡೆಲ್ ಲ್ಯಾಟಿಟ್ಯೂಡ್ ತಗೋತೀನಿ. 8ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಫೈಲ್ ಉಳಿಸೋಕೆ ವೇಗದ 256 ಜಿಬಿ ಎಸ್‌ಎಸ್‌ಡಿ ಇರಲಿ. ಅದಕ್ಕಿಂತ ಹಳೆಯದು ಬೇಡ. 7ನೇ ತಲೆಮಾರಿನ ಹೆಚ್ಚಿನವಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರದ್ದು 2025ರ ಅಕ್ಟೋಬರ್‌ನಲ್ಲೇ ಮುಗಿಯಿತು.

ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 25,000 ಅಂತ ಕಂಡರೆ ಬ್ಯಾಟರಿ ಅರ್ಧ ಸವೆದಿದೆ ಅಂತ ಅರ್ಥ. ಹೊಸದು ಹಾಕಿಸಿಕೊಡಿ ಅಂತ ಕೇಳಿ, ವಾರಂಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.