ಮೊದಲ ಸಲ ಕೊಚ್ಚಿಗೆ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಕೈಯಲ್ಲಿ ಒಂದೂವರೆ ದಿನ ಇದೆ, ಫೋರ್ಟ್ ಕೊಚ್ಚಿಯ ದಡದಲ್ಲಿರುವ ಮೀನು ಹಿಡಿಯುವ ದೊಡ್ಡ ಚೀನಾ ಬಲೆಗಳನ್ನು ನೋಡಿಕೊಂಡು ಮುಂದಿನ ಊರಿಗೆ ಹೊರಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬಲೆಗಳು ಕೊಚ್ಚಿಯ ಹೊಸ್ತಿಲು ಮಾತ್ರ, ಊರು ಇರುವುದು ಒಳಗೆ, ಹಳೆಯ ವ್ಯಾಪಾರದ ಕೇರಿಯಾದ ಮಟ್ಟಾಂಚೇರಿಯಲ್ಲಿ. ಆ ಒಂದೂವರೆ ದಿನವನ್ನು ಪೂರ್ತಿ ಇಲ್ಲಿಗೇ ಮೀಸಲಿಡಿ.

ಹಿನ್ನೀರಿನ ಈಚೆ ದಡದ ಎರ್ನಾಕುಲಂನಲ್ಲಿ ಇಳಿದ ಕೂಡಲೇ ಟ್ಯಾಕ್ಸಿ ಹತ್ತಬೇಡಿ. ಸರ್ಕಾರಿ ಬೋಟಿನಲ್ಲೋ ಹೈಕೋರ್ಟ್ ಜೆಟ್ಟಿಯಿಂದ ಹೊರಡುವ ವಾಟರ್ ಮೆಟ್ರೋ ಬೋಟಿನಲ್ಲೋ ಫೋರ್ಟ್ ಕೊಚ್ಚಿಗೆ ಹೋಗಿ. ಬಂದರಿನ ಊರನ್ನು ಮೊದಲು ನೀರಿನ ಕಡೆಯಿಂದ ನೋಡಬೇಕು. ಇಲ್ಲಿ ನೀರೇ ಊರನ್ನು ಕಟ್ಟಿದೆ. 1341ರಲ್ಲಿ ಪೆರಿಯಾರ್ ನದಿ ಉಕ್ಕಿ ಹರಿದಾಗ ಹಳೆಯ ಮುಜಿರಿಸ್ ಬಂದರು ಹೂಳಿನಿಂದ ಮುಚ್ಚಿಹೋಗಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂದು ಇತಿಹಾಸಕಾರರು ಹೇಳುತ್ತಾರೆ. ದಾರಿಯಲ್ಲಿ ಎಡಗಡೆ ಕಾಣುವ ವಿಲ್ಲಿಂಗ್ಡನ್ ದ್ವೀಪದ ಬಹುಭಾಗ ಮನುಷ್ಯರು ಮಾಡಿದ ನೆಲ. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ, ದೊಡ್ಡ ಹಡಗುಗಳಿಗೆ ದಾರಿ ಮಾಡಲು ಹಿನ್ನೀರಿನ ತಳದಿಂದ ಎತ್ತಿಸಿದ ಮಣ್ಣೇ ಅಲ್ಲಿ ಬಿದ್ದಿದೆ.

ಬಲೆಗಳ ಹತ್ತಿರ ಬೆಳಿಗ್ಗೆಯೇ ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಹಗ್ಗಕ್ಕೆ ನೇತುಹಾಕಿದ ಕಲ್ಲುಗಳ ಭಾರದಿಂದ ಆ ದೊಡ್ಡ ಬಲೆ ಹೇಗೆ ತೂಗಿ ಏಳುತ್ತದೆ ಎಂಬುದು ಫೋಟೊದಲ್ಲಿ ತಿಳಿಯುವುದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಸೇಂಟ್ ಫ್ರಾನ್ಸಿಸ್ ಚರ್ಚ್. ವಾಸ್ಕೋ ಡ ಗಾಮ 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ. ಅವನನ್ನು ಮೊದಲು ಹೂಳಿದ್ದು ಇಲ್ಲಿ, ಆಮೇಲೆ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಮಾಧಿಗಿಂತ ಚರ್ಚಿನ ಕಥೆ. ಪೋರ್ಚುಗೀಸರ ಕಾಲದಲ್ಲಿ ಕ್ಯಾಥೊಲಿಕ್, 1663ರಲ್ಲಿ ಊರು ಡಚ್ಚರ ಕೈಸೇರಿದ ಮೇಲೆ ಪ್ರಾಟೆಸ್ಟಂಟ್, ಬ್ರಿಟಿಷರ ಕಾಲದಲ್ಲಿ ಆಂಗ್ಲಿಕನ್. ಅದೇ ಗೋಡೆಗಳೊಳಗೆ ಪ್ರಾರ್ಥನೆಯ ಭಾಷೆ ಬದಲಾಗುತ್ತಾ ಹೋಯಿತು.

ಈಗ ಮುಖ್ಯವಾದ ಮಾತು. ಇಲ್ಲಿಂದ ಮಟ್ಟಾಂಚೇರಿಗೆ ಆಟೊ ಹಿಡಿಯಬೇಡಿ, ಬಜಾರ್ ರಸ್ತೆಯಲ್ಲಿ ನಡೆದೇ ಹೋಗಿ. ಒಂದು ಕಡೆ ಹಿನ್ನೀರು, ಅದಕ್ಕೆ ಬೆನ್ನು ಕೊಟ್ಟು ನಿಂತ ಹಳೆಯ ಉಗ್ರಾಣಗಳು, ಅಕ್ಕಿ ಮಂಡಿಗಳು, ಮೂಟೆ ಹೊತ್ತ ಕೂಲಿಯವರು. ಕಾಳುಮೆಣಸು, ಒಣಶುಂಠಿಗಳ ಘಾಟು ಮೂಗಿಗೆ ಬಡಿದಾಗ, ಅಷ್ಟು ದೂರದಿಂದ ಜನ ಯಾಕೆ ಹಡಗು ಹತ್ತಿ ಬಂದರು ಎಂಬುದು ಯಾರೂ ಹೇಳದೆಯೇ ಅರ್ಥವಾಗುತ್ತದೆ. ಬಾಗಿಲು ತೆರೆದ ಉಗ್ರಾಣ ಕಂಡರೆ ಕೇಳಿಕೊಂಡು ಒಳಗೆ ಇಣುಕಿ. ಚೆರಲಾಯಿಯ ತಿರುಮಲ ದೇವಸ್ವಂ ದೇವಸ್ಥಾನದ ಸುತ್ತಮುತ್ತ ಕೊಂಕಣಿ ಕಿವಿಗೆ ಬಿದ್ದರೆ ಬೆರಗಾಗಬೇಡಿ. ಪೋರ್ಚುಗೀಸರ ಕಾಟ ತಾಳಲಾರದೆ ಗೋವೆ ಬಿಟ್ಟು ಬಂದ ಗೌಡ ಸಾರಸ್ವತರು ಇಲ್ಲಿ ನೆಲೆ ನಿಂತರು. ನಮ್ಮ ಕರಾವಳಿಯವರಿಗೆ ಅಲ್ಲಿ ಪರ ಊರು ಎನ್ನಿಸುವುದೇ ಇಲ್ಲ.

ಮಟ್ಟಾಂಚೇರಿ ಅರಮನೆಗೆ ಡಚ್ ಅರಮನೆ ಎಂಬ ಹೆಸರು ಅಂಟಿಕೊಂಡಿದೆ. ಅದನ್ನು ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು, ಡಚ್ಚರು ದುರಸ್ತಿ ಮಾಡಿಸಿದರು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳಿಗೆ ಕನಿಷ್ಠ ಒಂದು ಗಂಟೆ ಕೊಡಿ. ಪಕ್ಕದ ಬೀದಿಯ ಕೊನೆಯಲ್ಲಿ 1568ರ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಚೀನಾದಿಂದ ತರಿಸಿದ ನೀಲಿ ಬಿಳಿ ಹೆಂಚುಗಳ ನೆಲವನ್ನು ತಲೆ ತಗ್ಗಿಸಿ ನೋಡುತ್ತಾ ನಡೆಯಿರಿ, ಎಲ್ಲವೂ ಕೈಯಿಂದ ಬಣ್ಣ ಹಚ್ಚಿದವು. ಆ ಬೀದಿಯ ಯಹೂದಿ ಮನೆತನಗಳಲ್ಲಿ ಹೆಚ್ಚಿನವು ಇಸ್ರೇಲಿಗೆ ಹೋಗಿವೆ, ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ದಿನ ಆರಿಸುವಾಗ ಎಚ್ಚರ. ಅರಮನೆಗೆ ಶುಕ್ರವಾರ ರಜೆ, ಸಿನಗಾಗ್ ಶನಿವಾರ ತೆರೆಯುವುದಿಲ್ಲ. ನಾನು ಮೊದಲ ಸಲ ಹೋದದ್ದು ಶುಕ್ರವಾರ, ಆ ಭಿತ್ತಿಚಿತ್ರಗಳನ್ನು ನೋಡಲು ಮೂರು ವರ್ಷ ಕಾಯಬೇಕಾಯಿತು.