ತಯಾರಕರ ಸಾಫ್ಟ್‌ವೇರ್ ಇಲ್ಲದೆ ಪವರ್ ಮ್ಯಾನೇಜ್‌ಮೆಂಟ್ ಚಿಪ್ ಅನ್ನು ಕಾನ್ಫಿಗರ್ ಮಾಡಬಹುದೇ?

ಚಿಪ್ ಪಿಎಂಬಸ್ (ಇಂಥ ಚಿಪ್‌ಗಳಿಗೆ ಆದೇಶ ಕೊಡುವ ಸಾಮಾನ್ಯ ಪದ್ಧತಿ) ಮಾನದಂಡವನ್ನು ಪಾಲಿಸುವುದಾದರೆ ಬಹುಮಟ್ಟಿಗೆ ಮಾಡಬಹುದು. ತಯಾರಕರ ಸಾಫ್ಟ್‌ವೇರ್ ಮತ್ತು ಅದರ ದುಬಾರಿ ಡಾಂಗಲ್ (ಕಂಪ್ಯೂಟರನ್ನು ಚಿಪ್‌ಗೆ ಜೋಡಿಸುವ ಸಾಧನ) ಕೊನೆಗೂ ಮಾಡುವುದು ಎರಡು ತಂತಿಗಳ ಮೇಲೆ ಬೈಟ್‌ಗಳನ್ನು ಕಳಿಸುವ ಕೆಲಸವನ್ನೇ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಇಂಥ ಎರಡು ತಂತಿಗಳ ಸಂವಹನಕ್ಕೆಂದೇ ಇರುವ ಲಿನಕ್ಸ್‌ನ ಐ2ಸಿ-ಟೂಲ್ಸ್ ಇದ್ದರೆ ಅದನ್ನು ನೀವೂ ಮಾಡಬಹುದು. ಎಸ್‌ಡಿಎ (ಡೇಟಾ ತಂತಿ), ಎಸ್‌ಸಿಎಲ್ (ಕ್ಲಾಕ್ ತಂತಿ) ಮತ್ತು ಗ್ರೌಂಡ್ ಜೋಡಿಸಿ. ಪೈನ ಪಿನ್‌ಗಳು 3.3 ವೋಲ್ಟ್‌ಗಿಂತ ಹೆಚ್ಚನ್ನು ತಾಳವು ಎಂಬುದು ನೆನಪಿರಲಿ.

ಔಟ್‌ಪುಟ್ ವೋಲ್ಟೇಜ್ ಬದಲಿಸುವುದನ್ನೇ ನೋಡೋಣ. ಮೊದಲು, ವೋಲ್ಟೇಜನ್ನು ಯಾವ ರೂಪದ ಸಂಖ್ಯೆಯಾಗಿ ಬರೆಯಬೇಕೆಂದು ತಿಳಿಸುವ 20ನೇ ಕಮಾಂಡನ್ನು ಓದಿ (ಇಲ್ಲಿನ ಕಮಾಂಡ್ ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಸಂಖ್ಯಾಪದ್ಧತಿಯಲ್ಲಿವೆ). ಉತ್ತರ ಹೆಕ್ಸ್ 14 ಎಂದು ಬಂದರೆ ಘಾತಾಂಕ -12 ಎಂದರ್ಥ, ಆದ್ದರಿಂದ ಬೇಕಾದ ವೋಲ್ಟೇಜನ್ನು 2ರ 12ನೇ ಘಾತವಾದ 4096ರಿಂದ ಗುಣಿಸಬೇಕು. 1.2 ವೋಲ್ಟ್‌ಗೆ 4915, ಅಂದರೆ ಹೆಕ್ಸ್ 1333 ಸಿಗುತ್ತದೆ. ಅದನ್ನು ವೋಲ್ಟೇಜ್ ನಿಗದಿಪಡಿಸುವ 21ನೇ ಕಮಾಂಡಿಗೆ ಬರೆಯುವಾಗ ತಂತಿಯ ಮೇಲೆ 33 ಮೊದಲು, 13 ಆಮೇಲೆ ಹೋಗಬೇಕು. ಬರೆದದ್ದು ನಾಟದಿದ್ದರೆ 10ನೇ ಕಮಾಂಡಿನಲ್ಲಿ ಬರಹ-ರಕ್ಷಣೆ ಚಾಲೂ ಇದೆಯೇ ನೋಡಿ. ಫಲಿತಾಂಶವನ್ನು 8ಬಿ ಕಮಾಂಡಿನಿಂದ ಓದಬಹುದಾದರೂ ನಾನು ಮಲ್ಟಿಮೀಟರನ್ನೇ ಹೆಚ್ಚು ನಂಬುತ್ತೇನೆ.

ಹೀಗೆ ಬರೆದದ್ದು ವಿದ್ಯುತ್ ಹೋದಾಗ ಅಳಿಸಿಹೋಗುತ್ತದೆ. ಚಿಪ್‌ನ ಶಾಶ್ವತ ಮೆಮೊರಿಯಲ್ಲಿ ಉಳಿಸಲು 11 ಅಥವಾ 15ನೇ ಕಮಾಂಡುಗಳಲ್ಲಿ ನಿಮ್ಮ ಚಿಪ್ ಬೆಂಬಲಿಸುವುದನ್ನು ಕಳಿಸಬೇಕು. ಆದರೆ ಆ ಮೆಮೊರಿಗೆ ಬರೆಯುವ ಸಲಗಳಿಗೆ ಮಿತಿಯಿರುವುದರಿಂದ, ಎಲ್ಲ ಪರೀಕ್ಷೆಗಳೂ ಮುಗಿದ ಮೇಲಷ್ಟೇ ಅದಕ್ಕೆ ಕೈಹಾಕಿ.

ತೊಡಕು ಎದುರಾಗುವುದು ಡಿ0ಯಿಂದ ಮುಂದಿನ, ಆಯಾ ತಯಾರಕರೇ ತಮಗೆ ಬೇಕಾದಂತೆ ಅರ್ಥ ಕೊಟ್ಟುಕೊಂಡಿರುವ ಕಮಾಂಡುಗಳಲ್ಲಿ. ಡೇಟಾಶೀಟ್ ಅವುಗಳನ್ನು ವಿವರಿಸದಿದ್ದರೆ ಊಹೆಯ ಮೇಲೆ ಬರೆಯಬೇಡಿ.